ದಾವಣಗೆರೆ ಕಡೆ ಕುಡಿತ ಬಿಟ್ಟೋರ ಮೀಟಿಂಗ್ ಎಲ್ಲಿ ನಡಿಯುತ್ತೆ? ನಮ್ಮಣ್ಣಂಗೆ ಬೇಕಿತ್ತು

ಮಂಡಿಪೇಟೆ_ತಂಗಿ:

ಎಲ್ರಿಗೂ ನಮಸ್ಕಾರ. ನಮ್ಮಣ್ಣನ ವಿಷ್ಯ ಕೇಳ್ಬೇಕಿತ್ತು, ಗೊತ್ತಿರೋರು ದಯವಿಟ್ಟು ಹೇಳಿ. ಅವ್ನಿಗೆ ನಲವತ್ತರ ಆಸುಪಾಸು, ಮಂಡಿಪೇಟೇಲಿ ಒಂದು ಅಂಗಡೀಲಿ ಲೆಕ್ಕ ಬರೀತಾನೆ, ಇವತ್ತಿನವರೆಗೂ ಲೆಕ್ಕದಲ್ಲಿ ಒಂದು ರೂಪಾಯಿ ಆಚೆ ಈಚೆ ಆಗಿಲ್ಲ ಅಂತ ಸಾಹುಕಾರ್ರೇ ಹೇಳ್ತಾರೆ. ಆದ್ರೆ ಈಚೆಗೆ ಕುಡಿತ ಯಾವ ಮಟ್ಟಕ್ಕೆ ಬಂದಿತ್ತು ಅಂದ್ರೆ ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಕ, ಒಂದು ನೈಂಟಿ ಒಳಗೆ ಹೋಗದೆ ಪೆನ್ನು ಹಿಡಿಯೋಕೇ ಆಗ್ತಿರ್ಲಿಲ್ಲ. ಕೊನೆಗೆ ಅತ್ತಿಗೆ ಹಠ ಹಿಡಿದು ಆಸ್ಪತ್ರೆಗೆ ಸೇರ್ಸಿದ್ರು, ಅಲ್ಲಿ ಇಂಜೆಕ್ಷನ್ನು ಮಾತ್ರೆ ಎಲ್ಲ ಕೊಟ್ಟು ನಡುಕ ಬೆವರು ನಿಲ್ಲಿಸಿ ಕಳ್ಸಿದ್ದಾರೆ, ಈಗ ಮನೇಲಿದಾನೆ, ಊಟ ನಿದ್ದೆ ಪರವಾಗಿಲ್ಲ. ಡಿಸ್ಚಾರ್ಜ್ ದಿನ ಡಾಕ್ಟ್ರು, ಮಾತ್ರೇಲಿ ಮೈ ಸರಿಹೋಗುತ್ತೆ, ಮತ್ತೆ ಕುಡೀದೇ ಇರ್ಬೇಕು ಅಂದ್ರೆ ಬಿಟ್ಟೋರ ಜೊತೆ ಸೇರ್ಲಿ, ಯಾವ್ದಾದ್ರೂ ಗ್ರೂಪಿಗೆ ಹೋಗ್ಲಿ ಅಂದ್ರು. ಎಲ್ಲಿ ಅಂತ ಕೇಳೋಷ್ಟ್ರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು.

ಕಷ್ಟ ಇರೋದು ಸಾಯಂಕಾಲ. ಆರು ಗಂಟೆ ಆಯ್ತು ಅಂದ್ರೆ ಕೂತಲ್ಲಿ ಕೂರಲ್ಲ, ಟಿವಿ ಹಾಕ್ತಾನೆ ಆರಿಸ್ತಾನೆ, ಬಾಗ್ಲತ್ರ ಹೋಗಿ ಚಪ್ಪಲಿ ಹಾಕ್ಕೊಂತಾನೆ ಮತ್ತೆ ಬಿಚ್ತಾನೆ, ಅತ್ತಿಗೆ ಅಡುಗೆ ಮನೆಯಿಂದ ಅದನ್ನೇ ನೋಡ್ತಾ ನಿಂತಿರ್ತಾರೆ, ಮಕ್ಳು ಕೂಡ ಮಾತಾಡಲ್ಲ. ಮುಂದಿನ ವಾರದಿಂದ ಅಂಗಡಿಗೆ ಹೋಗ್ಬೇಕು, ಬರೋ ದಾರೀಲಿ ಒಂದಲ್ಲ ಎರಡಲ್ಲ ಬಾರ್‌ಗಳು. ಗ್ರೂಪಿಗೆ ಹೋಗೋಣ ಅಂದ್ರೆ "ಇದೇನು ಬೆಂಗ್ಳೂರಾ, ದಾವಣಗೆರೇಲಿ ನಾನು ಎಲ್ಲಿ ಹೋಗಿ ಕೂತ್ರೂ ಯಾರೋ ಒಬ್ರು ಗುರ್ತು ಹಿಡೀತಾರೆ, ಸಾಹುಕಾರ್ರ ಕಿವಿಗೆ ಬಿದ್ರೆ ನನ್ನನ್ನ ಗಲ್ಲಾ ಹತ್ರ ಕೂರ್ಸ್ತಾರಾ" ಅಂತಾನೆ. ಆ ಮಾತಿಗೆ ನನ್ನತ್ರ ಉತ್ತರ ಇಲ್ಲ.

ಇಂಥ ಗ್ರೂಪ್‌ಗಳು ನಮ್ಮ ಕಡೆ ಹೆಂಗೆ ಹುಡುಕೋದು, ದುಡ್ಡು ಎಷ್ಟಾಗುತ್ತೆ, ಹೆಸರು ಅಡ್ರೆಸ್ಸು ಬರ್ಕೊಂತಾರಾ, ಮನೆಯೋರು ಜೊತೇಲಿ ಹೋಗ್ಬಹುದಾ? ಇನ್ನೊಂದು, ನಮ್ಮ ಚಿಕ್ಕಪ್ಪ ಒಬ್ರು ಊಟದಲ್ಲಿ ಬೆರೆಸೋ ಪುಡಿ ತರಿಸ್ಕೊಡ್ತೀನಿ ಅಂತಿದಾರೆ, ಅವ್ನಿಗೆ ಗೊತ್ತಾಗ್ದಂಗೆ ಹಾಕ್ಬೇಕಂತೆ. ಅದು ಸರೀನಾ?

ಇವತ್ತೊಂದಿನ:

ತಂಗಿ, ನಾನೂ ದಾವಣಗೆರೆಯೋನೇ. ಕುಡಿತ ಬಿಟ್ಟು ಬಹಳ ವರ್ಷ ಆಯ್ತು, ಎ.ಎ. ಮೀಟಿಂಗಿಗೆ ಈಗ್ಲೂ ಹೋಗ್ತೀನಿ. ಎ.ಎ. ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದ ಆಕ್ರನ್ ಅನ್ನೋ ಊರಲ್ಲಿ ಶುರುವಾಗಿದ್ದು, ಶುರು ಮಾಡಿದೋರು ಇಬ್ರೂ ಕುಡಿತಕ್ಕೆ ಸಿಕ್ಕಿ ಒದ್ದಾಡಿದೋರೇ, ಒಬ್ರು ಷೇರು ವ್ಯವಹಾರದೋರು, ಇನ್ನೊಬ್ರು ಆಪರೇಷನ್ ಮಾಡೋ ಡಾಕ್ಟ್ರು. ಡಾಕ್ಟ್ರಿಗೇ ತನ್ನ ಕುಡಿತ ತಾನು ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ, ಇನ್ನೊಬ್ಬ ಕುಡುಕ ಬಂದು ಎದುರು ಕೂತು ತನ್ನ ಕಥೆ ಹೇಳಿದ್ಮೇಲೇ ಆಗಿದ್ದು. ಇವತ್ತಿಗೂ ಅಷ್ಟೇ ನೋಡಮ್ಮ, ಅಲ್ಲಿ ಭಾಷಣ ಇಲ್ಲ, ಬುದ್ಧಿವಾದ ಇಲ್ಲ, ನಡೆಸೋರು ಡಾಕ್ಟ್ರೂ ಅಲ್ಲ ಸ್ವಾಮಿಗಳೂ ಅಲ್ಲ, ಕುಡಿದು ಹಾಳಾಗಿ ಎದ್ದು ಬಂದೋರು.

ಫೀಸು ಇಲ್ಲ. ಅರ್ಜಿ, ಆಧಾರ್ ಕಾರ್ಡು, ರಿಜಿಸ್ಟರು ಯಾವ್ದೂ ಇಲ್ಲ. ಕುಡಿತ ಬಿಡ್ಬೇಕು ಅನ್ನೋ ಆಸೆ ಇದ್ರೆ ಅವ್ನು ಮೆಂಬರ್ರು, ಅದೊಂದೇ ಷರತ್ತು. ಮೀಟಿಂಗ್ ಮಧ್ಯೆ ಒಂದು ಡಬ್ಬಿನೋ ಬುಟ್ಟಿನೋ ಕೈಯಿಂದ ಕೈಗೆ ಬರುತ್ತೆ, ಬಾಡಿಗೆಗೆ ಟೀಗೆ ಅಂತ ಮೆಂಬರ್‌ಗಳು ಹತ್ತೋ ಇಪ್ಪತ್ತೋ ಹಾಕ್ತಾರೆ, ಹೊಸಬ್ರು ಸುಮ್ನೆ ಪಕ್ಕದೋರಿಗೆ ದಾಟಿಸಿದ್ರೆ ಆಯ್ತು, ಯಾರೂ ನೋಡಲ್ಲ. ಹೊರಗಿನೋರ ದೇಣಿಗೆ ತಗೊಳ್ಳೋದೇ ಇಲ್ಲ.

ಒಳಗೆ ಏನಾಗುತ್ತೆ ಅಂತ ಅಣ್ಣಂಗೆ ಮೊದ್ಲೇ ಹೇಳ್ಬಿಡಿ, ಗೊತ್ತಿಲ್ದೇ ಇರೋದಕ್ಕೇ ಅರ್ಧ ಭಯ. ಒಂದು ರೂಮು, ಪ್ಲಾಸ್ಟಿಕ್ ಕುರ್ಚಿ, ಹತ್ತೋ ಹದಿನೈದೋ ಜನ, ಕೆಲವು ಸಲ ಐದೇ ಜನ. ಒಬ್ರು ಎದ್ದು ಎ.ಎ. ಅಂದ್ರೇನು ಅಂತ ಓದ್ತಾರೆ. ಆಮೇಲೆ ಒಬ್ಬೊಬ್ರೇ, ನನ್ನ ಹೆಸರು ಇಂಥದ್ದು, ನಾನೊಬ್ಬ ಆಲ್ಕೊಹಾಲಿಕ್ ಅಂತ ಶುರು ಮಾಡ್ತಾರೆ, ಬರೀ ಹೆಸರು, ಮನೆತನ ಊರು ಕೆಲಸ ಹೇಳೋ ಅಗತ್ಯ ಇಲ್ಲ. ಒಬ್ಬ ಸಂಬಳದ ಕವರ್ ಮನೆ ಮುಟ್ಟದೇ ಇದ್ದಿದ್ದು ಹೇಳ್ತಾನೆ, ಇನ್ನೊಬ್ಬ ಮಗಳ ನಾಮಕರಣದ ದಿನ ಗಟಾರದತ್ರ ಬಿದ್ದಿದ್ದು ಹೇಳ್ತಾನೆ, ಯಾರೂ ಮಧ್ಯೆ ಬಾಯಿ ಹಾಕಲ್ಲ, ಯಾರೂ ಛೀ ಅನ್ನಲ್ಲ. ಹೊಸಬ್ರಿಗೆ ಮಾತಾಡ್ಲೇಬೇಕು ಅಂತ ಇಲ್ಲ, ಇವತ್ತು ಕೇಳಿಸ್ಕೊಂತೀನಿ ಅಂದ್ರೆ ಸಾಕು. ಒಂದು ಗಂಟೆ ಒಂದೂವರೆ ಗಂಟೆ, ಕೊನೇಲಿ ಒಂದು ಪ್ರಾರ್ಥನೆ, ಬದಲಾಯಿಸೋಕೆ ಆಗೋದನ್ನ ಬದಲಾಯಿಸೋ ಧೈರ್ಯ ಕೊಡು ಅನ್ನೋ ಥರದ್ದು, ಯಾವ ಧರ್ಮದ್ದೂ ಅಲ್ಲ, ಸಾಬರೂ ಇರ್ತಾರೆ ಲಿಂಗಾಯತ್ರೂ ಇರ್ತಾರೆ ಕ್ರಿಶ್ಚಿಯನ್ನರೂ ಇರ್ತಾರೆ. ಟೀ ಕುಡ್ಕೊಂಡು ಫೋನ್ ನಂಬರ್ ತಗೊಂಡು ಹೊರಡೋದು. ಆ ಫೋನ್ ನಂಬರ್ರೇ ಮುಖ್ಯ. ಸಾಯಂಕಾಲ ಆರೂವರೆಗೆ ಚಪ್ಪಲಿ ಹಾಕ್ಕೊಂಡು ನಿಂತಾಗ ಹೆಂಡ್ತಿಗೆ ಹೇಳೋಕೆ ಆಗಲ್ಲ, ಅದನ್ನ ನಮ್ಮಂಥೋರಿಗೆ ಹೇಳ್ಬಹುದು.

ಈಗ ಗುರ್ತು ಹಿಡಿಯೋ ಮಾತು. ನಿಮ್ಮಣ್ಣ ಹೇಳೋದು ನಿಜಾನೇ, ಇದು ಸಣ್ಣೂರು, ಗುರ್ತಿನೋರು ಸಿಕ್ಕೇ ಸಿಗ್ತಾರೆ. ನನ್ನ ಮೊದಲ ಮೀಟಿಂಗಲ್ಲಿ ನಮ್ಮ ಓಣಿಯೋರೇ ಒಬ್ರು ಕೂತಿದ್ರು, ಎದ್ದು ಹೊರಗೆ ಬಂದ್ಬಿಡೋಣ ಅನ್ನಿಸ್ತು, ಅವ್ರು ಪಕ್ಕದ ಕುರ್ಚಿ ಎಳೆದು ಬಾರಪ್ಪ ಕೂತ್ಕೋ ಅಂದ್ರು. ಇವತ್ತಿಗೂ ಓಣೀಲಿ ಎದುರಾದ್ರೆ ನಾವಿಬ್ರೂ ಮಳೆ ಬೆಳೆ ಮಾತಾಡ್ತೀವಿ ಅಷ್ಟೇ. ಅಲ್ಲಿ ಯಾರನ್ನ ನೋಡಿದ್ವಿ ಅಂತ ಹೊರಗೆ ಹೇಳ್ಬಾರ್ದು ಅನ್ನೋದು ನಿಯಮ ಮಾತ್ರ ಅಲ್ಲ, ಹೇಳಿದೋನ ಗುಟ್ಟೂ ಜೊತೇಲೇ ಹೊರಗೆ ಬರುತ್ತಲ್ಲ. ಇಷ್ಟು ಹೇಳಿದ್ರೂ ಅವ್ರಿಗೆ ಧೈರ್ಯ ಬರ್ಲಿಲ್ಲ ಅಂದ್ರೆ ಬಲವಂತ ಬೇಡ, ಮೊದ್ಲು ಫೋನಲ್ಲೇ ಆನ್‌ಲೈನ್ ಮೀಟಿಂಗ್ ಕೇಳ್ಲಿ, ಕನ್ನಡದಲ್ಲೂ ಇದಾವೆ, ಕ್ಯಾಮೆರಾ ಆಫ್ ಮಾಡಿ ಇಯರ್‌ಫೋನ್ ಹಾಕ್ಕೊಂಡು ಮೂಲೇಲಿ ಕೂತ್ರೆ ಯಾರಿಗೂ ಗೊತ್ತಾಗಲ್ಲ. ಇಲ್ಲಾಂದ್ರೆ ಕೆಲವು ದಿನ ಪಕ್ಕದ ಜಿಲ್ಲೆ ಮೀಟಿಂಗಿಗೆ ಹೋಗ್ಲಿ, ಹಂಗೆ ಮಾಡೋರು ಬಹಳ ಜನ ಇದಾರೆ, ಬೇರೆ ಊರಿಂದ ನಮ್ಮಲ್ಲಿಗೂ ಬರ್ತಾರೆ.

ಜಾಗದ ಅಡ್ರೆಸ್ಸು ನಾನು ಇಲ್ಲಿ ಹಾಕಲ್ಲ, ತಪ್ಪು ತಿಳ್ಕೋಬೇಡಿ. ಜಾಗ ಟೈಮು ಬದಲಾಗ್ತಾ ಇರ್ತವೆ, ಹಳೇ ಪೋಸ್ಟ್ ನೋಡ್ಕೊಂಡು ಧೈರ್ಯ ಮಾಡಿ ಹೋದೋನು ಬೀಗ ನೋಡಿ ವಾಪಸ್ ಬಂದ್ರೆ ಇನ್ನೊಂದ್ಸಲ ಹೊರಡಲ್ಲ. ಎ.ಎ. ಇಂಡಿಯಾ ವೆಬ್‌ಸೈಟಲ್ಲಿ ಹೆಲ್ಪ್‌ಲೈನ್ ಸಿಗುತ್ತೆ, ಫೋನ್ ಮಾಡಿ ದಾವಣಗೆರೆ ಅಂತ ಹೇಳಿ, ಹತ್ತಿರದ ಮೆಂಬರ್ ಒಬ್ರ ಜೊತೆ ಮಾತಾಡಿಸ್ತಾರೆ. ಫೋನ್ ಮಾತ್ರ ಅಣ್ಣನೇ ಮಾಡ್ಲಿ, ನೀವು ಪಕ್ಕದಲ್ಲಿ ಕೂತಿರಿ. ಅಥವಾ ನನಗೇ ಇಲ್ಲಿ ಮೆಸೇಜ್ ಹಾಕ್ಸಿ.

ಹೊಳಲ್ಕೆರೆ_ತೋಟ:

ನಮ್ಮದು ಹೊಳಲ್ಕೆರೆ ತಾಲ್ಲೂಕು. ಎ.ಎ. ಬಗ್ಗೆ ಮೇಲೆ ಅಣ್ಣಾರು ಹೇಳಿದಾರೆ, ಹಳ್ಳಿ ಕಡೆಯೋರಿಗೆ ಇನ್ನೊಂದು ದಾರಿ ಐತೆ, ಧರ್ಮಸ್ಥಳ ಸಂಘದೋರು ಮಾಡೋ ಮದ್ಯವರ್ಜನ ಶಿಬಿರ. ಗ್ರಾಮಾಭಿವೃದ್ಧಿ ಯೋಜನೆ ಮತ್ತೆ ಜನಜಾಗೃತಿ ವೇದಿಕೆ ಸೇರಿ ಕಲ್ಯಾಣ ಮಂಟಪನೋ ಸಮುದಾಯ ಭವನನೋ ತಗೊಂಡು ಎಂಟು ದಿನ ಮಾಡ್ತಾರೆ, ಅಲ್ಲೇ ಊಟ ಅಲ್ಲೇ ವಸ್ತಿ, ಬೆಳಿಗ್ಗೆ ಯೋಗ, ಭಜನೆ, ಮಾತು, ಗುಂಪು ಚರ್ಚೆ, ಒಂದಿನ ಮನೆಯೋರನ್ನ ಕರೆಸ್ತಾರೆ. ನಮ್ಮ ದೊಡ್ಡಪ್ಪನ ಮಗ ಅಡಿಕೆ ಕೊಯ್ಲಿನ ದುಡ್ಡೆಲ್ಲ ಕುಡಿದು ಕಳೀತಿದ್ದೋನು ಅಲ್ಲಿ ಹೋಗಿ ಬಂದ್ಮೇಲೆ ನಿಂತ.

ಆದ್ರೆ ಒಂದು ಮಾತು, ಎಂಟು ದಿನಕ್ಕೆ ಬಿಟ್ಟ ಅಂತ ಯಾರೂ ತಿಳ್ಕೋಬಾರ್ದು. ಶಿಬಿರದಿಂದ ಬಂದೋರಿಗೆ ನವಜೀವನ ಸಮಿತಿ ಅಂತ ಮಾಡ್ತಾರೆ, ಬಿಟ್ಟೋರು ಆಗಾಗ ಒಂದ್ಕಡೆ ಸೇರೋದು, ಯಾರು ಗಟ್ಟಿ ಇದಾರೆ ಯಾರು ಜಾರಿದಾರೆ ಅಂತ ವಿಚಾರಿಸ್ಕೊಳ್ಳೋದು. ಆ ಶಿಬಿರಕ್ಕೆ ಹೋದ ನಮ್ಮೂರೋರಲ್ಲಿ ಸಮಿತಿಗೆ ಹೋಗ್ತಾ ಇದ್ದೋರು ಉಳ್ಕೊಂಡ್ರು, ಇನ್ನೇನು ಸರಿ ಹೋದೆ ಅಂತ ಹೋಗೋದು ನಿಲ್ಸಿದೋರು ಮುಂದಿನ ಹಬ್ಬಕ್ಕೇ ಶುರು ಹಚ್ಕೊಂಡ್ರು. ಅಕ್ಕಾರೆ, ನಿಮ್ಮನೇಲಿ ಅಥವಾ ಅಕ್ಕಪಕ್ಕ ಹೆಣ್ಮಕ್ಳು ಧರ್ಮಸ್ಥಳ ಸಂಘದಲ್ಲಿ ಇದ್ದೇ ಇರ್ತಾರೆ, ಅವ್ರ ಸೇವಾಪ್ರತಿನಿಧಿಗೆ ಕೇಳಿ, ಇಲ್ಲ ತಾಲ್ಲೂಕಿನ ಯೋಜನಾ ಕಚೇರಿಗೆ ಹೋಗಿ, ಮುಂದಿನ ಶಿಬಿರ ಎಲ್ಲಿ ಅಂತ ಹೇಳ್ತಾರೆ. ಪೂಜೆ ಭಜನೆ ಒಗ್ಗೋರಿಗೆ ಇದು ಚೆನ್ನಾಗಿ ಹಿಡಿಸುತ್ತೆ. ಎಲ್ರ ಮುಂದೆ ಕೂರೋಕೆ ನಾಚಿಕೆ ಪಡೋರಿಗೆ ಸ್ವಲ್ಪ ಕಷ್ಟ ಆಗ್ಬಹುದು, ಯಾಕಂದ್ರೆ ಸಮಾರೋಪಕ್ಕೆ ಊರೋರೆಲ್ಲ ಬರ್ತಾರೆ. ನಿಮ್ಮಣ್ಣನ ಸ್ವಭಾವ ನೋಡಿ ತೀರ್ಮಾನ ಮಾಡಿ.

ನಾಟಿ_ವೈದ್ಯ_ಅಭಿಮಾನಿ:

ಮೀಟಿಂಗ್ ಗೀಟಿಂಗ್ ಎಲ್ಲ ಟೈಮ್ ಹಿಡಿಯುತ್ತೆ. ಪುಡಿ ಸಾಂಬಾರಲ್ಲಿ ಹಾಕಿ, ವಾಸನೆ ಇಲ್ಲ ರುಚಿ ಇಲ್ಲ, ನಮ್ಮ ಭಾವಂಗೆ ಒಂದೇ ವಾರಕ್ಕೆ ಎಣ್ಣೆ ಕಂಡ್ರೆ ವಾಂತಿ ಬರೋ ಹಂಗಾಯ್ತು. ನಂಬರ್ ಬೇಕಾದ್ರೆ ಹೇಳಿ.

ಹರಿಹರ_ಸ್ಟಾಫ್‌ನರ್ಸ್:

ತಂಗಿ, ದಯವಿಟ್ಟು ಆ ಪುಡಿ ಹಾಕ್ಬೇಡಿ, ಚಿಕ್ಕಪ್ಪಂಗೂ ಹೇಳಿ. ಕುಡಿದ್ರೆ ವಾಂತಿ ಬರೋ ಹಂಗೆ ಮಾಡೋ ಮಾತ್ರೆ ಒಂದಿದೆ, ಡೈಸಲ್ಫಿರಾಮ್ ಅಂತ, ಡಾಕ್ಟ್ರು ಕೊಡ್ತಾರೆ, ಆದ್ರೆ ಕೊಡೋ ಮೊದ್ಲು ಲಿವರ್ರು ಹಾರ್ಟು ನೋಡಿ, ಪೇಷಂಟಿಗೆ ಎಲ್ಲ ಬಿಡಿಸಿ ಹೇಳಿ, ಅವ್ರು ಒಪ್ಪಿದ್ಮೇಲೆ ಮಾತ್ರ. ಗೊತ್ತಿಲ್ದೇ ತಿಂದೋರು ಮೇಲೆ ಕುಡಿದ್ರೆ ಮುಖ ಕೆಂಪಾಗಿ, ಎದೆ ಡವಡವ ಅಂದು, ಬಿ.ಪಿ. ಇಳಿದು ಪ್ರಾಣಕ್ಕೇ ಬರ್ಬಹುದು. ಹೆಸರಿಲ್ಲದ ಪುಡೀಲಿ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಅದಕ್ಕಿಂತ ಹೆಚ್ಚಿಗೆ, ಹೆಂಡ್ತಿ ಬಡಿಸಿದ ಅನ್ನದ ಮೇಲೇ ಅನುಮಾನ ಬಂದ್ರೆ ಆ ಮನೇಲಿ ಆಮೇಲೆ ಯಾವ ಮಾತ್ರೆ ಕೆಲಸ ಮಾಡುತ್ತೆ ಹೇಳಿ. ಕುಡಿಬೇಕು ಅನ್ನೋ ಚಪಲ ಕಮ್ಮಿ ಮಾಡೋ ಬೇರೆ ಮಾತ್ರೆಗಳೂ ಇದಾವೆ, ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಅಂತ, ನಿಮ್ಮಣ್ಣಂಗೆ ಯಾವ್ದು ಆಗುತ್ತೆ ಅಂತ ಫಾಲೋಅಪ್‌ಗೆ ಹೋದಾಗ ಕೇಳಿ.

ಈ ಥ್ರೆಡ್ ಓದ್ತಿರೋ ಬೇರೆಯೋರಿಗೂ ಒಂದು ವಿಷ್ಯ ಹೇಳ್ಬೇಕು. ನಿಮ್ಮಣ್ಣನ್ನ ಮೊದ್ಲು ಆಸ್ಪತ್ರೆಗೆ ಸೇರಿಸಿದ್ದು ಬಹಳ ಒಳ್ಳೇದಾಯ್ತು. ದಿನಾ ಬೆಳಿಗ್ಗೆಯಿಂದ ಕುಡಿಯೋರು ಇವತ್ತಿಂದ ಬಿಟ್ಟೆ ಅಂತ ದೇವರ ಮೇಲೆ ಆಣೆ ಮಾಡಿ ಒಮ್ಮೆಗೇ ನಿಲ್ಸಿದ್ರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರ್ಬಹುದು, ಎರಡು ಮೂರು ದಿನ ಕಳೆದ್ಮೇಲೆ ಗೋಡೆ ಮೇಲೆ ಹುಳ ಹರಿದಂಗೆ ಕಾಣೋದು, ಇಲ್ದಿರೋರ ಜೊತೆ ಮಾತಾಡೋದು, ಮನೆಯೋರ ಗುರ್ತೇ ಸಿಗದೇ ಇರೋದು, ಮೈ ಸುಡೋದು ಶುರುವಾಗ್ಬಹುದು. ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸ್ಕೊಂಡು ಸುತ್ತಿ ಸುತ್ತಿ ತಡವಾಗಿ ವಾರ್ಡಿಗೆ ಬರೋರನ್ನ ನೋಡಿ ಹೊಟ್ಟೆ ಉರಿಯುತ್ತೆ. ಅದು ಡೆಲೀರಿಯಮ್, ಜೀವ ಹೋಗೋ ಕಾಯಿಲೆ, ಅದೇ ಹೊತ್ತಿಗೆ ಆಸ್ಪತ್ರೆಗೆ ಬಂದ್ರೆ ವಿಟಮಿನ್ ಬಿ1 ಇಂಜೆಕ್ಷನ್ನು ನಡುಕದ ಮಾತ್ರೆ ಕೊಟ್ಟು ಉಳಿಸ್ಕೊಳ್ಳಬಹುದು. ಆದ್ರಿಂದ ಮೊದ್ಲು ಡಾಕ್ಟ್ರು, ಜೊತೆಗೆ ಗ್ರೂಪು, ಇದು ಬಿಟ್ಟು ಅದು ಅಂತ ಮಾಡ್ಬೇಡಿ.

ದುಡ್ಡಿಲ್ಲ ಅನ್ನೋರಿಗೆ ದಾವಣಗೆರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಚಿತ್ರದುರ್ಗದಲ್ಲೂ ಜಿಲ್ಲಾ ಆಸ್ಪತ್ರೆ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಕೌನ್ಸೆಲರ್ ಇರ್ತಾರೆ, ಮಾತ್ರೆ ಪುಕ್ಕಟೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದ್ಲೇ ವಿಚಾರಿಸ್ಕೊಂಡು ಹೋಗಿ. ರಾತ್ರಿ ಹೊತ್ತು ಯಾರೂ ಸಿಗಲ್ಲ ಅಂದಾಗ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಕುಡಿತ ಡ್ರಗ್ಸ್‌ಗೆ ಅಂತಾನೇ 14446 ಬೇರೆ ಇದೆ. ಕೇಸು ಜಾಸ್ತಿ ಕಷ್ಟದ್ದಾದ್ರೆ ಧಾರವಾಡದ ಡಿಮ್ಹಾನ್ಸ್, ಬೆಂಗ್ಳೂರಿನ ನಿಮ್ಹಾನ್ಸ್, ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ.

ಚಳ್ಳಕೆರೆ_ಸೊಸೆ:

ನಾನು ಬರೀತಿರೋದು ನಿಮ್ಮತ್ತಿಗೆಗೆ. ಅಡುಗೆ ಮನೆಯಿಂದ ನೋಡ್ತಾ ನಿಂತಿರ್ತಾರೆ ಅಂತ ಬರ್ದಿದೀರಲ್ಲ, ಅದನ್ನ ಓದಿ ನನಗೆ ಮುಂದಕ್ಕೆ ಓದೋಕಾಗ್ಲಿಲ್ಲ. ಅವ್ರು ಬಾಗಿಲು ಕಾಯ್ತಾರೆ, ಜೇಬು ಮುಟ್ಟಿ ನೋಡ್ತಾರೆ, ಬಾಯಿ ವಾಸನೆ ನೋಡ್ತಾರೆ, ರಾತ್ರಿ ನಿದ್ದೆ ಇಲ್ಲ, ಇದನ್ನ ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ತಗೊಳಲ್ಲ. ಕುಡಿಯೋರ ಮನೆಯೋರಿಗೆ ಅಂತಾನೇ ಬೇರೆ ಗುಂಪಿದೆ, ಅಲ್-ಅನಾನ್ ಅಂತ, 1951ರಿಂದ ನಡೀತಿದೆ, ಹೆಂಡ್ತೀರು ತಾಯಂದಿರು ಬರ್ತಾರೆ, ಆನ್‌ಲೈನೂ ಇದೆ. ನಾನು ಅಲ್ಲಿ ಕಲಿತಿದ್ದು ಒಂದೇ ಮಾತು, ಅವ್ರ ಕುಡಿತ ನನ್ನಿಂದ ಶುರುವಾಗಿದ್ದಲ್ಲ, ನನ್ನ ಕಾವಲಿನಿಂದ ನಿಲ್ಲೋದೂ ಅಲ್ಲ. ಅತ್ತೆ ಮನೇಲಿ "ಹೆಂಡ್ತಿ ಸರಿ ಇದ್ದಿದ್ರೆ ಅವ್ನ್ಯಾಕೆ ಕುಡೀತಿದ್ದ" ಅನ್ನಿಸ್ಕೊಂಡು ಬದುಕಿದ ಹೆಂಗಸಿಗೆ ಆ ಮಾತು ಎಷ್ಟು ದೊಡ್ಡದು ಅಂತ ಅನುಭವಿಸಿದೋರಿಗೇ ಗೊತ್ತು.

ಇನ್ನೊಂದು ಎಚ್ಚರಿಕೆ. ನಮ್ಮನೆಯೋರನ್ನ ಮೊದ್ಲು ಒಂದು ಪ್ರೈವೇಟ್ ಸೆಂಟರಿಗೆ ಹಾಕಿದ್ವಿ, ಹೆಸರು ಬೇಡ, ತಿಂಗಳ ದುಡ್ಡು ಮುಂಗಡ ಇಸ್ಕೊಂಡು ರೂಮಿಗೆ ಬೀಗ ಹಾಕಿ ಕೂಡ್ಹಾಕಿದ್ರು, ಫೋನ್ ಕೊಡ್ಲಿಲ್ಲ, ನೋಡೋಕೆ ಬಿಡ್ಲಿಲ್ಲ, ಒಬ್ಬ ಹುಡುಗನ ಕಾಲಿಗೆ ಸರಪಳಿ ಹಾಕಿದ್ರು ಅಂತ ಬಂದ್ಮೇಲೆ ಹೇಳಿ ಅತ್ತರು. ಗೇಟ್ ದಾಟಿದ ಸಾಯಂಕಾಲವೇ ಕುಡಿದ್ರು. ಆಮೇಲೆ ತಿಳೀತು, 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಸರಪಳಿ ಹಾಕೋದು ನಿಷೇಧ, ಇಂಥ ಸೆಂಟರಿಗೆ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇರ್ಬೇಕು ಅಂತ. ಯಾರೇ ಸೇರ್ಸೋ ಮೊದ್ಲು ನೋಂದಣಿ ಪತ್ರ ತೋರ್ಸಿ ಅಂತ ಕೇಳಿ, ಮನೋವೈದ್ಯರು ಯಾವಾಗ ಬರ್ತಾರೆ ಅಂತ ಕೇಳಿ, ಮನೆಯೋರಿಗೆ ಭೇಟಿ ಇಲ್ಲ ಅಂದ್ರೆ ವಾಪಸ್ ಬನ್ನಿ.

2019ರ ಜನವರೀಲಿ ಮದ್ಯ ನಿಷೇಧ ಮಾಡಿ ಅಂತ ನಮ್ಮ ದುರ್ಗದಿಂದ ಬೆಂಗ್ಳೂರಿಗೆ ಸಾವಿರಾರು ಹೆಣ್ಮಕ್ಳು ಕಾಲ್ನಡಿಗೇಲಿ ಹೋದ್ರಲ್ಲ, ಆ ಸಿಟ್ಟು ನನ್ನಲ್ಲೂ ಇದೆ. 2007ರಲ್ಲಿ ಸಾರಾಯಿ ನಿಂತಾಗ ನಮ್ಮಮ್ಮ ದೇವರಿಗೆ ದೀಪ ಹಚ್ಚಿದ್ರು, ಆಮೇಲೆ ಅದೇ ಜನ ಪ್ಯಾಕೆಟ್ ವಿಸ್ಕಿಗೆ ಹೋದ್ರು. ಅಂಗಡಿ ಮುಚ್ಚೋ ಹೋರಾಟ ನಡೀಲಿ, ಅಲ್ಲಿವರೆಗೆ ನಮ್ಮ ಗಂಡಸ್ರಿಗೆ ಸಾಯಂಕಾಲ ಹೋಗಿ ಕೂರೋಕೆ ಬಾರ್ ಬಿಟ್ಟು ಇನ್ನೊಂದು ಜಾಗ ಇರ್ಲೇಬೇಕು.

ಮಂಡಿಪೇಟೆ_ತಂಗಿ:

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಪುಡಿ ಬೇಡ ಅಂತ ಚಿಕ್ಕಪ್ಪಂಗೆ ನಾನೇ ಹೇಳ್ದೆ, ಸ್ವಲ್ಪ ಬೇಜಾರ್ ಮಾಡ್ಕೊಂಡ್ರು, ಪರವಾಗಿಲ್ಲ. ಚಳ್ಳಕೆರೆ ಅಕ್ಕಾರೆ, ನಿಮ್ಮ ಮೆಸೇಜ್ ಅತ್ತಿಗೆ ಎರಡೆರಡು ಸಲ ಓದಿದ್ರು, ನಿಮ್ಮ ಜೊತೆ ಮಾತಾಡ್ಬೇಕಂತೆ. ಅಣ್ಣಂಗೆ ಮೀಟಿಂಗ್ ಹೆಂಗಿರುತ್ತೆ ಅಂತ ಇಲ್ಲಿದ್ದಿದ್ದೇ ಓದಿ ಹೇಳ್ದೆ. ನಿನ್ನೆ ಸಾಯಂಕಾಲ ಆನ್‌ಲೈನ್ ಮೀಟಿಂಗ್ ಹಾಕ್ಕೊಂಡ, ಮೇಲೆ ಟೆರೇಸಲ್ಲಿ ಕೂತು ಪೂರ್ತಿ ಕೇಳ್ದ. ಕೆಳಗೆ ಬಂದು "ಒಬ್ರು ಲೆಕ್ಕ ಬರಿಯೋರೇ ಇದಾರೆ, ನನ್ನಂಗೇ ಪೆನ್ನು ಹಿಡಿಯೋಕೆ ಕುಡೀತಿದ್ರಂತೆ" ಅಂದ, ಅಷ್ಟೇ ಹೇಳಿದ್ದು, ಊಟಕ್ಕೆ ಕೂತ.

ಈಗ ಹೊಸ ಚಿಂತೆ, ಮುಂದಿನ ತಿಂಗಳು ನಮ್ಮ ಮಾವನ ಮಗನ ಮದ್ವೆ, ಹಿಂದಿನ ದಿನ ರಾತ್ರಿ ಹುಡುಗ್ರೆಲ್ಲ ಸೇರ್ತಾರೆ, ಅಣ್ಣನೇ ಯಾವಾಗ್ಲೂ ಮುಂದೆ ನಿಂತು ತರ್ಸೋನು. ಕರ್ಕೊಂಡು ಹೋಗೋದಾ ಬಿಡೋದಾ? ಹೋಗ್ಲಿಲ್ಲ ಅಂದ್ರೆ ನೆಂಟ್ರು ಏನು ಅಂತಾರೋ. ಮತ್ತೆ ಸಾಹುಕಾರ್ರಿಗೆ ನಾವೇ ಹೇಳ್ಬಿಡೋದು ಒಳ್ಳೇದಾ?

ಇವತ್ತೊಂದಿನ:

ತಂಗಿ, ಓದಿ ಬಹಳ ಸಂತೋಷ ಆಯ್ತು. ಮದ್ವೆಗೆ ಹೋಗ್ಲಿ, ಹಿಂದಿನ ರಾತ್ರಿ ಬೇಡ. ಬೆಳಿಗ್ಗೆ ಮುಹೂರ್ತದ ಹೊತ್ತಿಗೆ ನಿಮ್ಮತ್ತಿಗೆ ಮಕ್ಳ ಜೊತೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ, ಬಂದ್ಬಿಡ್ಲಿ. ಗಾಡಿ ಅವ್ರದ್ದೇ ಇರ್ಲಿ, ಬೇರೆಯೋರ ಕಾರಲ್ಲಿ ಹೋದ್ರೆ ಅವ್ರು ಹೊರಟಾಗ್ಲೇ ಹೊರಡ್ಬೇಕಾಗುತ್ತೆ. ಒತ್ತಾಯ ಮಾಡೋರಿಗೆ ಡಾಕ್ಟ್ರು ಮಾತ್ರೆ ಕೊಟ್ಟಿದಾರೆ, ಜೊತೆಗೆ ಕುಡಿಯೋಹಂಗಿಲ್ಲ ಅಂದ್ರೆ ಸಾಕು, ಅದು ಸುಳ್ಳೂ ಅಲ್ಲ. ಹೋಗೋ ಮುಂಚೆ ಒಂದು ಫೋನು, ಬಂದ್ಮೇಲೆ ಒಂದು ಫೋನು, ನನಗೇ ಮಾಡ್ಲಿ. ದುಗ್ಗಮ್ಮನ ಜಾತ್ರೆ ಬಂದಾಗ್ಲೂ ನಾವು ಹಿಂಗೇ ಮಾಡೋದು, ಬಾಡೂಟಕ್ಕೆ ಮನೆ ಮನೆಯಿಂದ ಕರೆ ಬರುತ್ತೆ, ಯಾರ್ಮನೆಗೆ ಯಾವಾಗ ಅಂತ ನಾವು ನಾವೇ ಮಾತಾಡ್ಕೊಂಡು ಇಬ್ರಿಬ್ರು ಹೋಗಿ ಉಂಡು ಬರ್ತೀವಿ. ಹೊಟ್ಟೆ ಹಸಿದಾಗ, ಸಿಟ್ಟು ಬಂದಾಗ, ಒಬ್ನೇ ಇದ್ದಾಗ, ಸುಸ್ತಾದಾಗ, ಈ ನಾಲ್ಕು ಹೊತ್ತಲ್ಲಿ ಚಪಲ ಜಾಸ್ತಿ, ಅದಕ್ಕೇ ಅಂಗಡಿ ಬಿಡೋ ಮೊದ್ಲು ಏನಾದ್ರೂ ತಿನ್ನೋಕೆ ಹೇಳಿ, ಖಾಲಿ ಹೊಟ್ಟೇಲಿ ಬಾರ್ ಮುಂದೆ ನಡ್ಕೊಂಡು ಬರೋದು ಬೇಡ, ಕೆಲವು ತಿಂಗಳು ದಾರೀನೇ ಬದಲಾಯಿಸ್ಲಿ.

ಸಾಹುಕಾರ್ರಿಗೆ ಹೇಳೋದು ನೀವೂ ಅಲ್ಲ ಅತ್ತಿಗೆನೂ ಅಲ್ಲ, ಅವ್ರಿಗೆ ಹೇಳ್ಬೇಕು ಅನ್ನಿಸಿದ ದಿನ ಅವ್ರೇ ಹೇಳ್ತಾರೆ. ಕೈ ನಡುಗೋದು ಸಾಹುಕಾರ್ರು ಇಷ್ಟು ದಿನ ನೋಡೇ ಇರ್ತಾರೆ, ಈಗ ನಡುಗ್ತಿಲ್ಲ ಅನ್ನೋದನ್ನೂ ನೋಡ್ತಾರೆ. ಮೀಟಿಂಗಿಗೆ ಮನೆಯೋರು ಬರ್ಬಹುದಾ ಅಂತ ಮೊದ್ಲು ಕೇಳಿದ್ರಲ್ಲ, ಎರಡು ಥರ ಇರುತ್ತೆ, ಕ್ಲೋಸ್ಡ್ ಮೀಟಿಂಗ್ ಬರೀ ಕುಡಿತದ ತೊಂದ್ರೆ ಇರೋರಿಗೆ, ಓಪನ್ ಮೀಟಿಂಗಿಗೆ ನೀವು, ಅತ್ತಿಗೆ, ಯಾರು ಬೇಕಾದ್ರೂ ಬಂದು ಕೂತು ಕೇಳ್ಬಹುದು. ಮೊದಲ ಸಲ ಓಪನ್‌ಗೇ ಬನ್ನಿ.

ಹರಿಹರ_ಸ್ಟಾಫ್‌ನರ್ಸ್:

ಅಕಸ್ಮಾತ್ ಮಧ್ಯೆ ಒಂದಿನ ಕುಡಿದ್ರೂ ಮನೇಲಿ ರಂಪ ಬೇಡ, ಎಲ್ಲ ಮುಗೀತು ಅನ್ನೋದು ಬೇಡ, ಮಾರನೇ ದಿನವೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಅದೇ ವಾರ ಮೀಟಿಂಗಿಗೂ ಹೋಗ್ಲಿ. ಮಾತ್ರೆ ತಾವಾಗೇ ನಿಲ್ಲಿಸ್ಬೇಡಿ, ಫಾಲೋಅಪ್ ತಪ್ಪಿಸ್ಬೇಡಿ.

ಮಂಡಿಪೇಟೆ_ತಂಗಿ:

ಆಯ್ತು ಅಕ್ಕಾರೆ. ಅಣ್ಣಾರೆ, ನಿಮ್ಗೆ ಮೆಸೇಜ್ ಬಂದಿರುತ್ತೆ ನೋಡಿ, ನಾನಲ್ಲ, ಅವ್ನೇ ಹಾಕಿದಾನೆ. ಭಾನುವಾರ ಬರ್ತಾನಂತೆ, ಗೇಟ್ ಹತ್ರ ನೀವೇ ನಿಂತಿರ್ಬೇಕಂತೆ.